ಎಡಗಡೆಯ ಸ್ಪೀಕರ್

ನನ್ನ ಬಲಗೈಯಲ್ಲಿ ಕಸುವಿದ್ದ ಕಾಲದಲ್ಲಿ ಅದರ ಏಟು ತಿನ್ನದ ಮಗು ನಮ್ಮ ಸಾಲೆಯಲ್ಲಿ ಇರಲಿಲ್ಲ. ಮೊನ್ನೆ ಮೊನ್ನೆಯವರೆಗೆ ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ನರೇಗಲ್ಲಿನಿಂದ ದಿನಾ ಬಸ್ಸು ಹಿಡಿದು ರೋಣ ತಾಲೂಕಿನ ಒಂದು ಹಳ್ಳಿಗೆ ಹೋಗಿ ಕಲಿಸುತ್ತಿದ್ದೆ. ಹಳ್ಳಿಯ ಹೆಸರು ಬೇಡ. ಅಲ್ಲಿಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ನಾನು ಬಸ್ಸಿನಿಂದ ಇಳಿಯುವುದು ಕಂಡರೆ ಸಾಕು, ಬಯಲಿನಲ್ಲಿ ಆಡುತ್ತಿದ್ದ ಮಕ್ಕಳು ಹದ್ದು ಕಂಡ ಕೋಳಿಮರಿಗಳ ಹಾಗೆ ಒಳಗೆ ಓಡುತ್ತಿದ್ದರು.

ಹುಣಸೆ ಬರಲಿನಿಂದ ಹೊಡೆಯುವುದು ನನಗೆ ಅಷ್ಟಾಗಿ ಸೇರುತ್ತಿರಲಿಲ್ಲ, ಅದು ಬೇಗ ಮುರಿಯುತ್ತದೆ. ಬೆರಳ ಸಂದಿಯಲ್ಲಿ ಪೆನ್ಸಿಲ್ ಇಟ್ಟು ಹಿಚುಕುವುದು, ಮರದ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಬೆರಳ ಗೆಣ್ಣಿಗೆ ಹೊಡೆಯುವುದು, ತೊಡೆಯ ಒಳಗಿನ ಮೆತ್ತನೆಯ ಚರ್ಮ ಚಿವುಟಿ ತಿರುವುವುದು, ಎಲ್ಲವನ್ನೂ ಮಾಡಿದ್ದೇನೆ. ಆದರೆ ಕೈಗೆ ಸಲೀಸಾಗಿ ಬರುತ್ತಿದ್ದದ್ದು ಕಪಾಳಕ್ಕೆ ಬಿಗಿಯುವುದು. ಬಲಗೈಯವಳು ಹೊಡೆದರೆ ಎದುರಿಗೆ ನಿಂತ ಮಗುವಿನ ಎಡಗೆನ್ನೆಗೇ ಬೀಳುತ್ತದೆ. ಇದನ್ನು ಈಗ ಯೋಚಿಸಿ ಬರೆಯುತ್ತಿದ್ದೇನೆ, ಆಗ ಯೋಚಿಸಿರಲಿಲ್ಲ.

ಯಾರೂ ಕೇಳುತ್ತಿರಲಿಲ್ಲ ಎಂಬುದೂ ನಿಜ. ಮಗುವಿನ ಹೆಸರು ಹಚ್ಚಲು ಬಂದ ಅಪ್ಪಂದಿರು ತೆಂಗಿನಕಾಯಿ, ಸಕ್ಕರೆ ಮುಂದಿಟ್ಟು, "ಅಕ್ಕೋರ, ತೊಗಲ ನಿಮ್ಮದು, ಎಲುಬ ನಮ್ಮದು" ಎಂದು ಹೇಳಿಯೇ ಹೋಗುತ್ತಿದ್ದರು. ನನ್ನ ಪಾಲನ್ನು ನಾನು ಬಿಡದೆ ತೆಗೆದುಕೊಂಡೆ. ನನ್ನನ್ನು ಬೆಳೆಸಿದ್ದೂ ಅದೇ ಪದ್ಧತಿ. ನರಗುಂದದಲ್ಲಿ ನಮ್ಮಪ್ಪನದು ಕಾಳುಕಡಿಯ ಅಡತಿ ಅಂಗಡಿ. ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯ ಹಿಡಿಯಿಂದಲೇ ಅವನು ನಮಗೆಲ್ಲ ವಿದ್ಯೆ ಕಲಿಸಿದ್ದು. ಒಮ್ಮೆ ಹಿಡಿ ಯಾವುದು, ಮೊನೆ ಯಾವುದು ಎಂದು ನೋಡದೆ ಬೀಸಿದ. ಆ ಗುರುತು ನನ್ನ ಮೊಣಕೈ ಮೇಲೆ ಇನ್ನೂ ಇದೆ. ದಂಡಂ ದಶಗುಣಂ ಎಂದು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ.

ಈಗ ನಮ್ಮ ಕಡೆ ಗುರುವಂದನೆ ಎಂಬುದೊಂದು ನಡೆಯುತ್ತದೆ. ನಲವತ್ತು ದಾಟಿದ ಹಳೆಯ ವಿದ್ಯಾರ್ಥಿಗಳು ಕೂಡಿ, ಬದುಕಿರುವ ಶಿಕ್ಷಕರನ್ನು ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಕಾಲಿಗೆ ಬೀಳುತ್ತಾರೆ. ಪ್ರತಿಯೊಬ್ಬ ಗುರುವಿನ ಬಗ್ಗೆ ಒಬ್ಬ ಶಿಷ್ಯ ಎರಡು ಮಾತಾಡುತ್ತಾನೆ, ಆಮೇಲೆ ಗುರು ಮಾತಾಡಬೇಕು. ಹೋದ ವರ್ಷ ನನಗೂ ಕರೆ ಬಂತು. ನನಗೆ ಬೇಕಾಗಿದ್ದದ್ದು ಒಂದೇ: ಒಬ್ಬ ಶಿಷ್ಯ ಎಲ್ಲರೆದುರು ನಿಂತು, ಈಕೆ ಹೊಡೆದದ್ದಕ್ಕೇ ನಾನು ಮನುಷ್ಯನಾದೆ ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳಿದರೆ ನಾನು ಬಾಳಿದ್ದು ಸರಿ ಎಂದಾಗುತ್ತದೆ. ನನ್ನ ಭಾಷಣದ ಮೊದಲ ಸಾಲನ್ನೂ ಆಗಲೇ ಕಟ್ಟಿಕೊಂಡಿದ್ದೆ: "ನನ್ನ ಕೈಯ ಏಟು ತಿಂದವರು ಯಾರೂ ಕೆಟ್ಟಿಲ್ಲ."

ಸಾಲು ಚಲೋ ಇತ್ತು, ಬರೆಯುವ ಕೈ ಚಲೋ ಇರಲಿಲ್ಲ. ನಿವೃತ್ತಿಯಾದ ಮೇಲೆ ಬಲಗೈಗೆ ನಡುಕ ಹತ್ತಿದೆ. ಮುತ್ತು ಪೋಣಿಸಿದಂತಿದ್ದ ನನ್ನ ಅಕ್ಷರ ಈಗ ಗೆದ್ದಲು ಹಿಡಿದ ಗೋಡೆಯ ಹಾಗೆ ಕಾಣುತ್ತದೆ. ಬೇರೆಯವರ ಕೈಯಲ್ಲಿ ಬರೆಸುವ ಜಾತಿ ನನ್ನದಲ್ಲ. ಅಳಿಯ ತನ್ನ ಹಳೆಯ ಕಂಪ್ಯೂಟರನ್ನು ತಂದುಕೊಟ್ಟು, "ಇದರಾಗ ಲಿನಕ್ಸ್ ಅನ್ನೂ ಸಾಫ್ಟ್‌ವೇರ್ ಹಾಕೇನ್ರಿ ಅತ್ತಿ, ಹಳೇ ಮಷೀನಿಗೆ ಹಗುರ ಆಕ್ಕೈತಿ" ಎಂದು ಹೇಳಿ ಹೋದ. ಹಾಗೆ, ಅರವತ್ತಾರನೆಯ ವಯಸ್ಸಿನಲ್ಲಿ ನಾನು ಮತ್ತೆ ಒಂದನೆಯ ಇಯತ್ತೆಗೆ ಕುಳಿತೆ.

ಮೊದಲ ದಿನವೇ ಜಗಳ. ಕನ್ನಡ ಒತ್ತಿದರೆ ಇಂಗ್ಲಿಷು ಬರುತ್ತಿತ್ತು. ಎರಡು ಸಲ ಒತ್ತಿದೆ, ನಾಲ್ಕು ಸಲ ಒತ್ತಿದೆ. ಮಾತು ಕೇಳದ ಹುಡುಗನಿಗೆ ಏನು ಮಾಡುತ್ತಿದ್ದೆನೋ ಅದನ್ನೇ ಮಾಡಿದೆ. ಅಂಗೈ ಅಗಲಿಸಿ ಕೀಬೋರ್ಡಿನ ಮೇಲೆ ಬಿಗಿದೆ. ಉದ್ದನೆಯ ಸ್ಪೇಸ್ ಕೀಲಿ ಹಲ್ಲು ಹಾರಿದ ಹಾಗೆ ಹಾರಿ ಮಂಚದ ಕೆಳಗೆ ಹೋಗಿ ಬಿತ್ತು.

ನರೇಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಅಂಗಡಿಯಿದೆ. ಅದರ ಮಾಲೀಕನನ್ನು ಕರೆಸಿದೆ. ನಲವತ್ತರ ಆಸುಪಾಸಿನ ಗಂಡಸು, ತಲೆಯಲ್ಲಿ ಅಲ್ಲಲ್ಲಿ ನರೆ. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ.

"ಗುರ್ತ ಸಿಗಲಿಲ್ಲೇನ್ರಿ ಅಕ್ಕೋರ? ನಾ ನಿಮ್ಮ ಸಾಲಿ ಹುಡುಗರಿ."

ಸ್ವಲ್ಪ ಹೊತ್ತು ನೋಡಿದ ಮೇಲೆ ಸಿಕ್ಕಿತು. ಗೋಡೆಗೆ ಅಂಟಿಕೊಂಡು ಮೂಲೆಯಲ್ಲಿ ಕೂರುತ್ತಿದ್ದವನು. ಮೂರು ಸಲ ಕೂಗಿದರೂ ಓ ಎನ್ನದ ಸೊಕ್ಕಿನವನು, ಅದಕ್ಕಾಗಿಯೇ ಎಲ್ಲರಿಗಿಂತ ಹೆಚ್ಚು ಏಟು ತಿಂದವನು. ಗುರುವಂದನೆ ಮಾಡುತ್ತಿದ್ದದ್ದೂ ಅವನ ವರ್ಗದವರೇ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರಿಗಿಂತ ಹೆಚ್ಚು ತಿಂದವನು ಸ್ವಂತ ಅಂಗಡಿ ಇಟ್ಟಿದ್ದಾನೆ, ಇನ್ನೇನು ಬೇಕು? ನನ್ನ ಬಗ್ಗೆ ಇವನೇ ಮಾತಾಡಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಅವನು ಕುರ್ಚಿಯನ್ನು ನನ್ನ ಬಲಗಡೆಯಿಂದ ಎತ್ತಿ ಎಡಗಡೆಗೆ ಹಾಕಿಕೊಂಡು ಕುಳಿತ. ಬಲಗಡೆ ಬೇಕಾದಷ್ಟು ಜಾಗವಿತ್ತು. ವಿಚಿತ್ರದವನು ಎಂದುಕೊಂಡೆ.

"ಹೊಡದರ ಇದಕ್ಕ ತಿಳಿಯಂಗಿಲ್ರಿ" ಎಂದು ಸ್ಪೇಸ್ ಕೀಲಿಯನ್ನು ಕೂಡಿಸುತ್ತ ಹೇಳಿದ. "ಮ್ಯಾಲ ಮೂಲ್ಯಾಗ ನೋಡ್ರಿ, ಇಂಗ್ಲೀಷ್ ಅಂತ ತೋರಸಾಕತ್ತೈತಿ. ಅದನ್ನ ಕನ್ನಡ ಮಾಡಿ ಬರೀರಿ. ಏನ ಹೇಳಾಕತ್ತೈತಿ ಅಂತ ಮೊದಲ ಓದೂದು, ಆಮ್ಯಾಲ ಕೈ ಹಚ್ಚೂದು."

"ಇದು ನಾ ಕಲಿಸಿದ ಮಾತು" ಎಂದೆ.

"ಹೌದ್ರಿ, ನೀವ ಹೇಳತಿದ್ರಿ."

ಅದು ಸರಿ. ಲೆಕ್ಕವನ್ನು ಪೂರ್ತಿ ಓದದೆ ಉತ್ತರ ಬರೆದವರ ಬೆರಳಿಗೆ ಪಟ್ಟಿಯಿಂದ ಹೊಡೆಯುತ್ತ ನಾನು ಇದನ್ನೇ ಹೇಳುತ್ತಿದ್ದೆ. ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ನಾನು ಎರಡು ದಿನ ಅಂಗಳವನ್ನೇ ಗುದ್ದಿದ್ದೆ.

ಗುರುವಂದನೆಯ ಮಾತು ತೆಗೆದೆ. ಅವನು ತಲೆ ತಗ್ಗಿಸಿ, "ನನಗ ಮಾತಾಡಾಕ ಬರಂಗಿಲ್ರಿ ಅಕ್ಕೋರ" ಎಂದ. ಎರಡನೆಯ ಸಲ ಕೇಳಿದಾಗಲೂ ಅದೇ. ನನಗೆ ಕೈ ತುರಿಸಿತು.

ಒಂದು ವಾರ ಕಳೆಯಿತು. ಅಳಿಯ ಫೋನಿನಲ್ಲಿ, "ಅಪ್‌ಡೇಟ್ ಮಾಡಕೋರಿ" ಎಂದು ಹೇಳಿ, ಟರ್ಮಿನಲ್ ಎಂಬ ಕರಿ ಕಿಟಕಿ ತೆರೆದು ಒಂದು ಸಾಲು ಹೊಡೆಯಲು ಹೇಳಿದ. ಹೊಡೆದೆ. ಪಾಸ್‌ವರ್ಡ್ ಕೇಳಿತು. ಅದನ್ನೂ ಹೊಡೆದೆ. ಪರದೆಯ ಮೇಲೆ ಒಂದು ಚುಕ್ಕಿ ಕೂಡ ಮೂಡಲಿಲ್ಲ. ಮತ್ತೆ ಹೊಡೆದೆ, ಗುದ್ದಿದೆ, ಬೈದೆ. ಕೊನೆಗೆ ಅದು ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿತು: ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು.

ವರದಿ! ನನ್ನ ಮೇಲೆ! ಯಾರಿಗೆ? ಸೇವೆಯುದ್ದಕ್ಕೂ ನಾನು ಹೆದರಿದ್ದು ಒಂದಕ್ಕೇ, ರೋಣದಿಂದ ತಪಾಸಣೆಗೆ ಬರುವ ಸಾಹೇಬರು ಬರೆಯುವ ವರದಿಗೆ. ಅವರು ಬರುತ್ತಾರೆ ಎಂದು ಗೊತ್ತಾದ ವಾರ ಮಕ್ಕಳ ಮೈಮೇಲೆ ಬಾಸುಂಡೆ ಹೆಚ್ಚು ಏಳುತ್ತಿದ್ದವು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ. ಈಗ ನನ್ನ ಮನೆಯಲ್ಲೇ, ನನ್ನ ಮೇಜಿನ ಮೇಲೇ ಕುಳಿತು ಈ ಡಬ್ಬಿ ನನ್ನ ಮೇಲೆ ವರದಿ ಬರೆಯುತ್ತದೆಯೇ? ಮೌಸನ್ನು ಎತ್ತಿ ಗೋಡೆಗೆ ಅಪ್ಪಳಿಸಿದೆ.

ಅವನು ಬಂದು, ಮತ್ತೆ ಕುರ್ಚಿಯನ್ನು ಎಡಗಡೆಗೆ ಎಳೆದುಕೊಂಡು, ನಕ್ಕ. "ಅಂಜಬ್ಯಾಡ್ರಿ. ಪಾಸ್‌ವರ್ಡ್ ಹೊಡಿಯೂ ಮುಂದ ಏನೂ ಕಾಣಂಗಿಲ್ಲ, ಆದರ ಎಲ್ಲಾ ಒಳಗ ಹೊಕ್ಕೈತಿ. ಮಷೀನಿನ ಯಜಮಾನಕಿ ನಿಮ್ಮ ಅಳಿಯಾರ ಹೆಸರಿಲೆ ಐತಿ, ನಿಮಗ ಕೊಟ್ಟಿಲ್ಲ. ಅವರನ್ನ ಕೇಳಿ ನಿಮ್ಮ ಹೆಸರನ್ನೂ ಪಟ್ಟ್ಯಾಗ ಹಾಕತೇನಿ."

"ಮತ್ತ ವರದಿ?"

"ಒಳಗ ಒಂದ ಕಡತದಾಗ ಬರಕೊಂಡ ಬಿದ್ದಿರತೈತ್ರಿ. ಯಾರೂ ತಗದು ಓದಂಗಿಲ್ಲ."

ನನಗೆ ಎಷ್ಟು ನಿರಾಳವಾಯಿತೆಂದರೆ ಅವನಿಗೆ ಚಹಾ ಮಾಡಿಕೊಟ್ಟೆ.

ಭಾಷಣ ಎರಡು ಪುಟ ಆದಾಗ ಮೂರನೆಯ ಅನಾಹುತ. ಅಕ್ಷರಗಳೆಲ್ಲ ಮಂಕಾಗಿ, ಕಿಟಕಿ ಬೂದು ಬಣ್ಣಕ್ಕೆ ತಿರುಗಿ, ಎರಡು ಗುಂಡಿಗಳು ಬಂದವು. ಒಂದರ ಮೇಲೆ ಕಾಯಿರಿ ಎಂದಿತ್ತು, ಇನ್ನೊಂದರ ಮೇಲೆ ಬಲವಂತವಾಗಿ ಮುಚ್ಚಿರಿ ಎಂದಿತ್ತು. ಕಾಯುವುದು ನನ್ನ ರಕ್ತದಲ್ಲೇ ಇಲ್ಲ. ಬಲವಂತದ್ದನ್ನೇ ಒತ್ತಿದೆ. ಅಲುಗಲಿಲ್ಲ. ಎದ್ದು ಹೋಗಿ ವೈರನ್ನು ಗೋಡೆಯಿಂದ ಕಿತ್ತು ಬಿಸಾಕಿದೆ. ಮತ್ತೆ ಹಚ್ಚಿದಾಗ ಪರದೆಯ ತುಂಬ ಕಪ್ಪು, ಅದರ ಮೇಲೆ ಬಿಳಿ ಇಂಗ್ಲಿಷ್ ಸಾಲುಗಳು, ಕೆಳಗೆ ಮಿಟುಕುವ ಒಂದು ಗೆರೆ. ನನ್ನ ಭಾಷಣ ಸತ್ತಿತು ಎಂದುಕೊಂಡೆ. ಸಿಟ್ಟಿನ ಜೊತೆಗೆ ಅಳುವೂ ಬಂತು.

ಅವನು ಬಂದು ಆ ಬಿಳಿ ಸಾಲುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಓದುವಾಗ ತುಟಿ ಅಲುಗುತ್ತಿದ್ದವು. ಕಂಪ್ಯೂಟರು ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುವಂತೆ ಒಂದು ಸಣ್ಣ ಆಜ್ಞೆ ಹೊಡೆದು ಕೈಕಟ್ಟಿ ಕುಳಿತ.

"ಅದು ನಿಂತಾಗ, ಡಬ್ಬಿ ಮ್ಯಾಲಿನ ಸಣ್ಣ ದೀಪಾ ಮಿಣಮಿಣ ಅಂತಿತ್ತೇನ್ರಿ?"

"ಅಂತಿತ್ತು."

"ಹಂಗಿದ್ರ ಅದು ಸತ್ತಿರಲಿಲ್ರಿ. ಒಳಗ ಕೆಲಸ ನಡದಿತ್ತು. ಮಷೀನ ಹಳೇದು, ಜರಾ ತಡಾ ಮಾಡತೈತಿ. ನೀವು ವೈರ್ ಕಿತ್ತಿದ್ದಕ್ಕ ಬರಿಯೂದು ಅರ್ಧಕ್ಕ ಹರೀತು."

ಅರ್ಧ ತಾಸಿನಲ್ಲಿ ಅದು ಎದ್ದು ಕೂತಿತು. ಭಾಷಣವೂ ಸಿಕ್ಕಿತು, ಕೊನೆಯ ಎರಡು ಸಾಲು ಮಾತ್ರ ಹೋಗಿದ್ದವು. ನಾನು ಮೂರನೆಯ ಸಲ ಕೇಳಿದೆ, ಗುರುವಂದನೆಯಲ್ಲಿ ಮಾತಾಡುತ್ತೀಯಾ ಎಂದು. ಅವನು ವೈರುಗಳನ್ನು ಸುತ್ತುತ್ತ, "ಬ್ಯಾಡ್ರಿ ಅಕ್ಕೋರ" ಎಂದ. ಕೃತಘ್ನ ಎಂದು ಮನಸ್ಸಿನಲ್ಲೇ ಬೈದೆ.

ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಿದ್ದವು. ಭಾಷಣವನ್ನು ಓದಿ, ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ, ಹೇಗಿದೆ ಎಂದು ಕೇಳಬೇಕೆಂದುಕೊಂಡೆ. ರೆಕಾರ್ಡ್ ಆದದ್ದು ಪರದೆಯ ಮೇಲೆ ಓಡುತ್ತಿತ್ತು, ಆದರೆ ದನಿಯೇ ಇಲ್ಲ. ಈ ಸಲ ನಾನು ಹೊಡೆಯಲಿಲ್ಲ. ನನ್ನ ಬಗ್ಗೆ ನನಗೇ ಅಭಿಮಾನವಾಗಿ ಅವನಿಗೆ ಫೋನು ಮಾಡಿದೆ.

ಅವನು ಸೆಟಿಂಗ್ ತೆರೆದು ನೋಡಿದ. "ದನಿ ಮಾನಿಟರಿನ ಕಡೆ ಹೊಂಟೈತ್ರಿ. ಅದಕ್ಕ ಬಾಯಿನ ಇಲ್ಲ. ಸ್ಪೀಕರಿಗೆ ತಿರುವಿದರ ಆತು." ತಿರುವಿದ. ಪರೀಕ್ಷೆ ಮಾಡುವ ಕಡೆ ಎಡ, ಬಲ ಎಂದು ಎರಡು ಗುಂಡಿಗಳಿದ್ದವು. ಬಲಗಡೆಯದನ್ನು ಒತ್ತಿದ. ಒಬ್ಬ ಹೆಣ್ಣುಮಗಳ ದನಿ ಇಂಗ್ಲಿಷಿನಲ್ಲಿ ಬಲ ಎಂದಿತು. ಎಡಗಡೆಯದನ್ನು ಒತ್ತಿದಾಗ ಏನೂ ಬರಲಿಲ್ಲ. ಆ ಸ್ಪೀಕರಿನ ವೈರು ಸಡಿಲವಿರಬಹುದು ಎಂದು ಅದನ್ನು ಬಿಗಿಮಾಡಿ, ಎರಡೂ ಕಡೆಯನ್ನು ಬೇರೆ ಬೇರೆ ಪರೀಕ್ಷಿಸಲು ಚೀಲದಿಂದ ಕಿವಿಗೆ ಹಾಕುವ ಹೆಡ್‌ಫೋನ್ ತೆಗೆದು ಜೋಡಿಸಿದ. ಹಾಕಿಕೊಂಡು ಬಲ ಒತ್ತಿ ತಲೆಯಾಡಿಸಿದ. ಆಮೇಲೆ ಅದನ್ನು ತೆಗೆದು ನನ್ನ ಕೈಗೆ ಕೊಟ್ಟ.

"ಎಡಕ್ಕ ಬರತೈತೋ ಇಲ್ಲೋ ನೀವ ಕೇಳಿ ಹೇಳ್ರಿ. ನನಗ ಎಡಕಿವಿ ಕೇಳಸಂಗಿಲ್ಲ."

ನಾನು ಹಾಕಿಕೊಂಡೆ. ಎಡ ಎಂದಿತು ಆ ದನಿ, ಸ್ಪಷ್ಟವಾಗಿ. "ಬಂತು" ಎಂದೆ. ಹೆಡ್‌ಫೋನ್ ತೆಗೆಯುತ್ತ, ಸುಮ್ಮನೆ ಮಾತಿಗೆಂದು, "ಯಾವಾಗಿಂದ?" ಎಂದು ಕೇಳಿದೆ.

"ನಾಕನೇ ಇಯತ್ತೇದಾಗಿಂದರಿ."

ನಾಲ್ಕನೆಯ ಇಯತ್ತೆಗೆ ನಾನೇ ಇದ್ದೆ.

"ಏನಾಗಿತ್ತು?"

ಅವನು ಪರದೆಯ ಕಡೆಯೇ ನೋಡುತ್ತಿದ್ದ. "ಹದಿನೇಳರ ಮಗ್ಗಿ ದಿವಸರಿ. ಸಾಹೇಬ್ರು ಬಂದಿದ್ರಲ್ಲ."

ಹೊಡೆದವರು ಮರೆಯುತ್ತಾರೆ. ನಾನೂ ಮರೆತಿದ್ದೆ. ಅವನು ಅಷ್ಟು ಹೇಳಿದ್ದೇ ಎಲ್ಲವೂ ಎದ್ದು ಬಂತು. ಬಾಗಿಲಲ್ಲಿ ಸಾಹೇಬರು, ಕೈಯಲ್ಲಿ ವರದಿಯ ಪುಸ್ತಕ. ನಾನು ಇವನನ್ನು ಎಬ್ಬಿಸಿದ್ದೆ, ಏಕೆಂದರೆ ಮಗ್ಗಿಯಲ್ಲಿ ಇವನೇ ಮುಂದಿದ್ದ. ಹದಿನೇಳೊಂದ್ಲೆ ಹದಿನೇಳರಿಂದ ಹದಿನೇಳೇಳ್ಲೆ ನೂರಾ ಹತ್ತೊಂಬತ್ತರವರೆಗೆ ನೀರು ಕುಡಿದ ಹಾಗೆ ಹೇಳಿದ. ಹದಿನೇಳೆಂಟ್ಲೆ ಎಂದು ನಿಂತ. ಸಾಹೇಬರ ಪೆನ್ನು ಪುಸ್ತಕದ ಮೇಲೆ ಇಳಿಯುವುದು ಕಂಡಿತು. ನನ್ನ ಕೈ ಬೀಸಿತು. ಹುಡುಗ ಕರಿಹಲಗೆಗೆ ಹೋಗಿ ಬಡಿದ. ಕಿವಿಯಿಂದ ರಕ್ತ ಇಳಿದು ಬಿಳಿ ಅಂಗಿಯ ಕಾಲರಿಗೆ ಹತ್ತಿತು. ಸಾಹೇಬರು, "ಶಿಸ್ತು ಚಲೋ ಐತಿ" ಎಂದು ಬರೆದು ಹೋದರು.

"ಆವತ್ತ ಯಾಕ ಹೇಳಲಿಲ್ಲ?" ಎಂದು ಕೂಗಿದೆ. ದೇವರಾಣೆ, ಆಗಲೂ ನನಗೆ ಬಂದದ್ದು ಸಿಟ್ಟೇ. ನಲವತ್ತು ದಾಟಿದ ಆ ಗಂಡಸಿನ ಕೈ ತಟ್ಟನೆ ಎದ್ದು ಎಡಗೆನ್ನೆಯನ್ನು ಮುಚ್ಚಿಕೊಂಡಿತು. ತಾನೇನು ಮಾಡಿದೆ ಎಂದು ಅವನಿಗೂ ತಿಳಿದು, ನಾಚಿ, ನಿಧಾನಕ್ಕೆ ಇಳಿಸಿದ.

"ಹೇಳಿದ್ನಿರಿ. ನೀವು ಎಡಗಡೆ ನಿಂತು ಕರದ್ರಿ, ನನಗ ಕೇಳಸಲಿಲ್ಲ. ಕೇಳಸಂಗಿಲ್ರಿ ಅಂದೆ. ಎದುರ ಮಾತಾಡತಿ ಅಂತ ಮತ್ತೊಂದ ಬಿಗದ್ರಿ. ಮನ್ಯಾಗ ಹೇಳಿದೆ. ಅಕ್ಕೋರ ಸುಮ್ಮನ ಹೊಡದಿಲ್ಲ ಅಂತ ಅಪ್ಪನೂ ಬಡದ. ಆಮ್ಯಾಲ ಗ್ವಾಡಿಗೆ ಕುಂದರಾಕ ಚಾಲೂ ಮಾಡಿದೆ. ಎಡಕಿವಿ ಗ್ವಾಡಿ ಕಡೆ, ಬಲಕಿವಿ ನಿಮ್ಮ ಕಡೆ."

ನಾನು ಅವನ ಕುರ್ಚಿಯನ್ನು ನೋಡಿದೆ. ನನ್ನ ಎಡಗಡೆ ಕುಳಿತರೆ ಅವನ ಬಲಗಿವಿ ನನ್ನ ಕಡೆಗಿರುತ್ತದೆ. ಒಂದು ವರ್ಷವಿಡೀ "ಕಿವಿ ಕೇಳಂಗಿಲ್ಲೇನ್ಲೇ?" ಎಂದು ಬೈದು ಬೈದು ಹೊಡೆದದ್ದು, ನಿಜವಾಗಿಯೂ ಕೇಳಿಸದ, ನಾನೇ ಕೇಳಿಸದಂತೆ ಮಾಡಿದ ಹುಡುಗನನ್ನು. ಅವನು ಚೀಲ ಎತ್ತಿಕೊಂಡು, "ಇನ್ನ ದನಿ ಬರತೈತ್ರಿ" ಎಂದು ಹೇಳಿ ಹೋದ. ರೆಕಾರ್ಡ್ ಮಾಡಿದ ಭಾಷಣವನ್ನು ಹಚ್ಚಿದೆ. ನನ್ನ ಕೈಯ ಏಟು ತಿಂದವರು ಯಾರೂ ಕೆಟ್ಟಿಲ್ಲ ಎಂದು ನನ್ನದೇ ದನಿ ಎರಡೂ ಸ್ಪೀಕರಿನಿಂದ ಜೋರಾಗಿ ಕೇಳಿತು. ಮೊದಲು ದನಿಯನ್ನು ನಿಲ್ಲಿಸಿದೆ, ಆಮೇಲೆ ಭಾಷಣವನ್ನು ಅಳಿಸಿದೆ. ಖಚಿತವೇ ಎಂದು ಅದು ಕೇಳಿತು. ಓದಿ, ಹೌದು ಎಂದು ಒತ್ತಿದೆ.

ಗುರುವಂದನೆಯ ದಿನ ಹಳ್ಳಿಯ ಸಾಲೆಯ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಸೂಡಿಯಿಂದ, ಗಜೇಂದ್ರಗಡದಿಂದ ಗಾಡಿ ಹೊಡೆದುಕೊಂಡು ಬಂದವರಿದ್ದರು. ಅವನೂ ಬಂದಿದ್ದ. ಎಡಗಡೆಯ ಕಂಬಕ್ಕೆ ಒತ್ತಿಕೊಂಡು ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ, ಬಲಗಿವಿ ವೇದಿಕೆಯ ಕಡೆಗೆ. ನನ್ನ ಬಗ್ಗೆ ಬೇರೆ ಯಾರೋ ಮಾತಾಡಿದರು. ನಾನು ಇಷ್ಟು ವರ್ಷ ಯಾವ ಮಾತಿಗೆ ಕಾದಿದ್ದೆನೋ ಅದನ್ನೇ ಆಡಿದರು, ಹೊಡೆದದ್ದಕ್ಕೇ ಮನುಷ್ಯರಾದೆವು ಎಂದು. ನನಗೆ ಕಾದ ಎಣ್ಣೆ ಕಿವಿಗೆ ಸುರಿದಂತಾಯಿತು.

ಮೈಕು ನನ್ನ ಕೈಗೆ ಬಂತು. ಶಾಲನ್ನು ತೆಗೆದು ಕುರ್ಚಿಯ ಮೇಲಿಟ್ಟೆ.

"ನಾ ಒಂದ ಹುಡುಗನ ಕಿವಿ ಒಡದೇನಿ" ಎಂದೆ. "ಹದಿನೇಳರ ಮಗ್ಗಿಗೆ. ಸಾಹೇಬ್ರು ಏನ ಬರಿತಾರೋ ಅಂತ ಅಂಜಿ ಹೊಡದೆ. ಆ ಕಿವಿ ಇವತ್ತಿಗೂ ಕೇಳಸಂಗಿಲ್ಲ. ನಾ ಮಾಡಿದ್ದು ತಪ್ಪು."

ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಕಿವಿ ಹೋದ್ರ ಹೋಗ್ಲಿ ಬಿಡ್ರಿ ಅಕ್ಕೋರ, ಮಗ್ಗಿ ಬಂತಲ್ಲ!" ಎಂದು ಕೂಗಿದ. ಇಡೀ ಶಾಮಿಯಾನ ನಕ್ಕಿತು. ಚಪ್ಪಾಳೆ ಬಿತ್ತು, ಸಿಳ್ಳೆ ಬಿತ್ತು. ಇಬ್ಬರು ವೇದಿಕೆ ಹತ್ತಿ ಬಂದು ನನ್ನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಬಿಡಿ, ಬಿಡಿ ಎಂದರೂ ಬಿಡಲಿಲ್ಲ. ಇವರನ್ನು ಹೀಗೆ ನಗುವಂತೆ ಮಾಡಿದವಳೂ ನಾನೇ. ಆ ಚಪ್ಪಾಳೆಯ ಒಂದೊಂದು ಸದ್ದೂ ನನಗೆ ಕಪಾಳಕ್ಕೆ ಬಿದ್ದ ಹಾಗೆ ಕೇಳುತ್ತಿತ್ತು.

ಕಂಬದ ಹತ್ತಿರ ಕುಳಿತವನು ಮಾತ್ರ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಾನು ವೇದಿಕೆ ಇಳಿದು, ಜನರನ್ನು ಸರಿಸಿಕೊಂಡು ಅವನ ಕಡೆಗೆ ಹೋದೆ. ಅವನು ಎದ್ದು ನಿಂತ. ಸುತ್ತಿ ಅವನ ಬಲಗಡೆಗೆ ಬಂದು ನಿಂತುಕೊಂಡೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ, ಗೊತ್ತು. ಆದರೂ ಆ ಕಿವಿಯ ಹತ್ತಿರ ಬಾಗಿ, "ತಪ್ಪಾತು ತಮ್ಮಾ" ಎಂದೆ.

ನಾನು ಕಾದೆ. ಸುತ್ತ ಚಪ್ಪಾಳೆ ನಿಂತು, ಮುಂದಿನ ಗುರುಗಳ ಹೆಸರು ಕೂಗಿ, ಅವರು ಮೈಕಿನ ಹತ್ತಿರ ಹೋಗುವವರೆಗೂ ಕಾದೆ.

"ಹದಿನೇಳೆಂಟ್ಲೆ ನೂರಾ ಮೂವತ್ತಾರು" ಎಂದ ಕೊನೆಗೆ. "ಆವತ್ತೂ ಗೊತ್ತಿತ್ರಿ ಅಕ್ಕೋರ. ನೆನಸಾಕತ್ತಿದ್ದೆ. ಒಂದೀಟ ತಡದಿದ್ರ ಹೇಳತಿದ್ದೆ."